ಹಿಂಬದಿಯ ಆಸನದಿಂದ ಬರೆದ ಸಂಭಾಷಣೆ: ಇಂಗ್ಲಿಷ್ ಕಲಿಕೆಯ ಪಠ್ಯಗಳಲ್ಲಿ ಟ್ಯಾಕ್ಸಿ ಚಾಲಕ ಮತ್ತು ಪ್ರಯಾಣಿಕ

ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಸುವ ಪಠ್ಯಪುಸ್ತಕಗಳಲ್ಲಿ, ಪ್ರವಾಸಿಗರ ಕೈಪಿಡಿಗಳಲ್ಲಿ ಮತ್ತು ಧ್ವನಿಮುದ್ರಿತ ಪಾಠಗಳಲ್ಲಿ ಟ್ಯಾಕ್ಸಿ ಚಾಲಕ ಹಾಗೂ ಪ್ರಯಾಣಿಕರ ಮಾತುಕತೆಗೆ ಒಂದು ಕಾಯಂ ಸ್ಥಾನವಿದೆ. ಹೋಟೆಲು, ಬ್ಯಾಂಕು, ವೈದ್ಯರ ಕೊಠಡಿಗಳ ಸಾಲಿನಲ್ಲಿ ಅದೂ ಒಂದು ಪಾಠವಾಗಿ ಬರುತ್ತದೆ. ಅದರ ಚೌಕಟ್ಟು ಎಷ್ಟು ಸ್ಥಿರವಾದುದೆಂದರೆ ಯಾವುದೇ ಪುಸ್ತಕವನ್ನು ಹೆಸರಿಸದೆಯೇ ಅದನ್ನು ಪುನಾರಚಿಸಬಹುದು. ಕೆಳಗಿನ ಮಾದರಿ ನಾವೇ ಜೋಡಿಸಿದ್ದು:

ಚಾಲಕ: ಗುಡ್ ಮಾರ್ನಿಂಗ್, ಸರ್. ವೇರ್ ವುಡ್ ಯು ಲೈಕ್ ಟು ಗೋ?
ಪ್ರಯಾಣಿಕ: ಟು ದಿ ಏರ್‌ಪೋರ್ಟ್, ಪ್ಲೀಸ್. ಹೌ ಲಾಂಗ್ ವಿಲ್ ಇಟ್ ಟೇಕ್?
ಚಾಲಕ: ಅಬೌಟ್ ಫಾರ್ಟಿ ಮಿನಿಟ್ಸ್, ಸರ್. ವಾಸ್ ದಿಸ್ ಯುವರ್ ಫಸ್ಟ್ ವಿಸಿಟ್?
ಪ್ರಯಾಣಿಕ: ಯೆಸ್, ಇಟ್ ವಾಸ್. ಇಟ್ಸ್ ಎ ಬ್ಯೂಟಿಫುಲ್ ಸಿಟಿ.
ಚಾಲಕ: ಹಿಯರ್ ವಿ ಆರ್, ಸರ್. ದಟ್ಸ್ ಫಿಫ್ಟಿ ಪೌಂಡ್ಸ್.
ಪ್ರಯಾಣಿಕ: ಹಿಯರ್ ಯು ಆರ್. ಕೀಪ್ ದಿ ಚೇಂಜ್.

ಈ ಆರು ಸರದಿಗಳಲ್ಲಿ ವ್ಯಾಕರಣದ ದೋಷವಿಲ್ಲ. ಪದಗಳೂ ಆರಂಭಿಕ ಕಲಿಯುವವರಿಗೆ ಎಟುಕುವಂತಹವೇ. ನಲವತ್ತು ನಿಮಿಷದ ಹಾದಿ ನಾಲ್ಕನೆಯ ಮತ್ತು ಐದನೆಯ ಸರದಿಗಳ ನಡುವೆ ಸದ್ದಿಲ್ಲದೆ ಕರಗಿಹೋಗಿರುವುದನ್ನೂ ಪಠ್ಯದ ಅನುಕೂಲಕ್ಕಾಗಿ ಒಪ್ಪಿಕೊಳ್ಳಬಹುದು. ನಮ್ಮ ಆಕ್ಷೇಪ ಬೇರೆಯದು. ಇಲ್ಲಿ ಕಲಿಯುವವನು ಯಾವಾಗಲೂ ಪ್ರಯಾಣಿಕನೇ. ಚಾಲಕನಾದರೋ ಎಲ್ಲವನ್ನೂ ಮೊದಲ ಬಾರಿಗೇ ಕೇಳಿಸಿಕೊಳ್ಳುವ, ಎಲ್ಲ ಸ್ಥಳಗಳನ್ನೂ ಬಲ್ಲ, ಏನನ್ನೂ ಮರುಪ್ರಶ್ನಿಸದ ಒಂದು ಧ್ವನಿ ಮಾತ್ರ. ಇಂತಹ ಸಂಭಾಷಣೆಯನ್ನು ಹಿಂಬದಿಯ ಆಸನದಲ್ಲಿ ಕುಳಿತು ಬರೆಯಲಾಗಿದೆ. ಆದರೆ ಇಂದು ಲಂಡನ್ನಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಈ ಸನ್ನಿವೇಶದ ಇಂಗ್ಲಿಷನ್ನು ಜೀವನೋಪಾಯಕ್ಕಾಗಿ ಕಲಿಯಬೇಕಾಗಿ ಬಂದಿರುವವನು ಬಹುಮಟ್ಟಿಗೆ ಮುಂದಿನ ಆಸನದಲ್ಲಿದ್ದಾನೆ.

ಈ ಏಕಪಕ್ಷೀಯತೆಗೆ ಒಂದು ವಂಶಾವಳಿ ಇದೆ. ಯೂರೋಪ್ ಕೌನ್ಸಿಲ್‌ಗಾಗಿ ಯಾನ್ ವಾನ್ ಎಕ್ 1975ರಲ್ಲಿ ರೂಪಿಸಿದ 'ಥ್ರೆಶೋಲ್ಡ್ ಲೆವೆಲ್' ಮುಖ್ಯವಾಗಿ ಕಲ್ಪಿಸಿಕೊಂಡಿದ್ದು ಪರದೇಶಕ್ಕೆ ಅಲ್ಪಕಾಲದ ಭೇಟಿ ನೀಡುವ, ಅಥವಾ ತನ್ನ ನಾಡಿನಲ್ಲೇ ವಿದೇಶಿಯರೊಡನೆ ಆಗೀಗ ವ್ಯವಹರಿಸುವ ವ್ಯಕ್ತಿಯನ್ನು. ಆ ಮಟ್ಟವೇ 2001ರ ಯೂರೋಪಿಯನ್ ಸಾಮಾನ್ಯ ಚೌಕಟ್ಟಿನಲ್ಲಿ ಬಿ1 ಎಂಬ ಹೆಸರು ಪಡೆಯಿತು. ಆ ಭಾಷೆಯ ನಾಡಿನಲ್ಲಿ ಪ್ರಯಾಣ ಮಾಡುವಾಗ ಎದುರಾಗಬಹುದಾದ ಹೆಚ್ಚಿನ ಸನ್ನಿವೇಶಗಳನ್ನು ನಿಭಾಯಿಸಬಲ್ಲ ಸಾಮರ್ಥ್ಯ ಬಿ1ರ ವಿವರಣೆಯ ಒಂದು ಭಾಗ. ಅಂದರೆ ಅಳತೆಗೋಲಿನೊಳಗೇ ಪ್ರಯಾಣಿಕ ಕುಳಿತಿದ್ದಾನೆ. 2016ರಲ್ಲಿ ಲಂಡನ್ನಿನ ಸಾರಿಗೆ ಪ್ರಾಧಿಕಾರ ಬಾಡಿಗೆ ಕಾರುಗಳ ಚಾಲಕರಿಗೆ ಇಂಗ್ಲಿಷ್ ಅರ್ಹತೆಯನ್ನು ಕಡ್ಡಾಯಗೊಳಿಸಿದಾಗ ಆರಿಸಿಕೊಂಡದ್ದು ಇದೇ ಬಿ1 ಮಟ್ಟವನ್ನು. ಓದು ಬರಹಗಳ ಪರೀಕ್ಷೆಯೂ ಬೇಕೇ ಎಂಬ ವಿವಾದವನ್ನು ಊಬರ್ ಸಂಸ್ಥೆ ಹೈಕೋರ್ಟಿಗೆ ಒಯ್ದಿತು; 2017ರ ಮಾರ್ಚ್‌ನಲ್ಲಿ ನ್ಯಾಯಾಲಯ ಈ ವಿಷಯದಲ್ಲಿ ಪ್ರಾಧಿಕಾರದ ಪರವಾಗಿ ತೀರ್ಪಿತ್ತಿತು. ಅದೇ 2016ರಲ್ಲಿ ನ್ಯೂಯಾರ್ಕ್ ನಗರವು ಟ್ಯಾಕ್ಸಿ ಚಾಲಕರಿಗಿದ್ದ ಇಂಗ್ಲಿಷ್ ಪರೀಕ್ಷೆಯನ್ನು ಕೈಬಿಟ್ಟಿತೆಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಎರಡು ನಿರ್ಧಾರಗಳಲ್ಲಿ ಯಾವುದು ಸರಿ ಎಂಬುದು ಭಾಷಾವಿಜ್ಞಾನ ಒಂಟಿಯಾಗಿ ಇತ್ಯರ್ಥಪಡಿಸುವ ಪ್ರಶ್ನೆಯಲ್ಲ. ಆದರೆ ಪ್ರವಾಸಿಯ ಅಗತ್ಯಗಳಿಂದ ಹುಟ್ಟಿದ ಮಾನದಂಡವನ್ನು ಚಾಲಕನ ಪರವಾನಗಿಗೆ ಕಟ್ಟುವಾಗ, ಆ ಮಾನದಂಡ ಯಾರ ಕೆಲಸವನ್ನು ಅಳೆಯುತ್ತಿದೆ ಎಂದು ಕೇಳುವುದು ನಮ್ಮ ಶಾಸ್ತ್ರದ ಹೊಣೆಯೇ ಸರಿ.

ಚಾಲಕನ ಕೆಲಸದ ಇಂಗ್ಲಿಷ್ ಎಂಬುದೊಂದು ಇದೆ, ಅದು ಪಠ್ಯಗಳಲ್ಲಿಲ್ಲ. ಅದರ ಅತ್ಯಂತ ಪಳಗಿದ ರೂಪ ಲಂಡನ್ನಿನ ಕಪ್ಪು ಟ್ಯಾಕ್ಸಿಗಳ 'ನಾಲೆಜ್' ಪರೀಕ್ಷೆಯಲ್ಲಿ ದೊರೆಯುತ್ತದೆ. 1865ರಿಂದ ನಡೆದುಬಂದಿರುವ ಈ ಪರೀಕ್ಷೆಗೆ ಅಭ್ಯರ್ಥಿಯು ಚೇರಿಂಗ್ ಕ್ರಾಸ್‌ನಿಂದ ಆರು ಮೈಲಿ ತ್ರಿಜ್ಯದೊಳಗಿನ ಸುಮಾರು 25,000 ಬೀದಿಗಳನ್ನೂ 320 ಮಾರ್ಗಗಳನ್ನೂ ಮನನ ಮಾಡಿಕೊಂಡು, ಪರೀಕ್ಷಕರ ಎದುರು ಕುಳಿತು ಬಾಯಲ್ಲೇ ದಾರಿಯನ್ನು ಒಪ್ಪಿಸಬೇಕು. 'ಲೀವ್ ಆನ್ ಲೆಫ್ಟ್' ಎಂದು ಆರಂಭಿಸಿ, ತಿರುವುಗಳನ್ನು ಬೀದಿಯ ಹೆಸರುಗಳೊಡನೆ ಸಾಲಾಗಿ ಹೇಳುತ್ತ, ವೃತ್ತ ಬಂದಲ್ಲಿ 'ಕಂಪ್ಲೈ' ಎನ್ನುತ್ತ, 'ಸೆಟ್ ಡೌನ್' ಎಂದು ಮುಗಿಸುವ ಈ ನುಡಿಬಗೆಯಲ್ಲಿ ಕರ್ತೃಪದವಿಲ್ಲ, ಕಾಲಸೂಚಕವಿಲ್ಲ, ಪೂರ್ಣವಾಕ್ಯವೇ ವಿರಳ. ಪಠ್ಯಪುಸ್ತಕದ ದೃಷ್ಟಿಯಲ್ಲಿ ಇದು 'ಮುರಿದ ಇಂಗ್ಲಿಷ್'. ವೃತ್ತಿಯ ದೃಷ್ಟಿಯಲ್ಲಿ ಇದಕ್ಕಿಂತ ಖಚಿತವಾದ ಇಂಗ್ಲಿಷ್ ಇನ್ನೊಂದಿಲ್ಲ.

ಬೆಂಗಳೂರಿಗೆ ಬಂದರೆ ಸಂಭಾಷಣೆಯ ಆರಂಭದ ಬಿಂದುವೇ ಸ್ಥಳಾಂತರಗೊಂಡಿದೆ. ಆ್ಯಪ್ ಮೂಲಕ ಗಾಡಿ ಕರೆಸುವ ವ್ಯವಸ್ಥೆಯಲ್ಲಿ 'ಎಲ್ಲಿಗೆ ಹೋಗಬೇಕು' ಎಂಬ ಪ್ರಶ್ನೆಗೆ ಯಂತ್ರ ಮೊದಲೇ ಉತ್ತರ ಪಡೆದಿರುತ್ತದೆ. ಉಳಿದದ್ದು 'ಎಲ್ಲಿದ್ದೀರಿ' ಎಂಬುದು. ಅದು ಫೋನಿನಲ್ಲಿ, ಇಬ್ಬರೂ ಪರಸ್ಪರ ಕಾಣದಿರುವಾಗ ಕೇಳುವ ಪ್ರಶ್ನೆ. ಸ್ಥಳವನ್ನು ಹೆಸರಿಸುವುದು ನಿಘಂಟಿನ ಕೆಲಸವಲ್ಲ, ಮಾತನಾಡುವವರು ಎಲ್ಲಿದ್ದಾರೆ, ಯಾರಿಗೆ ಏನು ಗೊತ್ತು ಎಂಬುದನ್ನು ಅವಲಂಬಿಸಿದ ಆಯ್ಕೆ ಎಂದು ಶೆಗ್ಲಾಫ್ 1972ರಲ್ಲೇ ತೋರಿಸಿದ್ದರು. ಚಾಲಕ 'ಲೊಕೇಶನ್ ರೀಚ್ಡ್ ಸರ್' ಎನ್ನುತ್ತಾನೆ. ಅವನ ಲೊಕೇಶನ್ ಪರದೆಯ ಮೇಲಿನ ಚುಕ್ಕೆ. ಪ್ರಯಾಣಿಕ 'ಐ ಆ್ಯಮ್ ಅಟ್ ದಿ ಗೇಟ್' ಎನ್ನುತ್ತಾನೆ. ಅವನ ಗೇಟು ವಸತಿ ಸಮುಚ್ಚಯದ ಎರಡನೆಯ ಗೇಟು. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಇಬ್ಬರ ಇಂಗ್ಲಿಷೂ ಸಾಲದೆ ಹೋಗಿಲ್ಲ. ಆದರೂ ಅವರು ಭೇಟಿಯಾಗುವುದಿಲ್ಲ. ಇಲ್ಲಿ ಬೇಕಾದದ್ದು 'ವಿಚ್ ಗೇಟ್, ಸರ್?' ಎಂಬ ಮೂರು ಪದಗಳ ದುರಸ್ತಿ.

ದುರಸ್ತಿ ಎಂಬ ಪದವನ್ನು ನಾವು ಸಂಭಾಷಣಾ ವಿಶ್ಲೇಷಣೆಯ ಅರ್ಥದಲ್ಲಿ ಬಳಸುತ್ತಿದ್ದೇವೆ: ಕೇಳಿಸದಿದ್ದಾಗ, ಅರ್ಥವಾಗದಿದ್ದಾಗ, ತಪ್ಪಾಗಿ ಹೇಳಿದಾಗ ಮಾತನಾಡುವವರು ಆ ತೊಡಕನ್ನು ಸರಿಪಡಿಸಿಕೊಳ್ಳುವ ವ್ಯವಸ್ಥೆ. ಶೆಗ್ಲಾಫ್, ಜೆಫರ್ಸನ್, ಸ್ಯಾಕ್ಸ್ ಅವರ 1977ರ ಲೇಖನದ ಬಳಿಕ ಇದನ್ನು ಮಾತಿನ ಅಪವಾದವೆಂದು ಯಾವ ಭಾಷಾವಿಜ್ಞಾನಿಯೂ ತಿಳಿಯುವುದಿಲ್ಲ. ಅದು ಮಾತಿನ ರಚನೆಯ ಅಂಗ. ನಮ್ಮ ಮಾದರಿಯ ಆರು ಸರದಿಗಳಲ್ಲಿ ದುರಸ್ತಿಯ ಒಂದು ಸುಳಿವೂ ಇಲ್ಲ. ಆರಂಭಿಕರಿಗೆ ಸರಳತೆ ಬೇಕು, ಸನ್ನಿವೇಶದ ಸ್ಥಿರವಾದ ವಿಧಿಕ್ರಮ ಅವರಿಗೆ ಧೈರ್ಯ ಕೊಡುತ್ತದೆ ಎಂಬ ಸಮರ್ಥನೆ ಸಾಮಾನ್ಯವಾಗಿ ಕೇಳಿಬರುತ್ತದೆ. ಈ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ 'ಸಾರಿ?', 'ವಿಚ್ ಸೈಡ್?', 'ನಾಟ್ ದಿಸ್ ಗೇಟ್' ಎಂಬ ನುಡಿಗಳು 'ವೇರ್ ವುಡ್ ಯು ಲೈಕ್ ಟು ಗೋ' ಎಂಬ ವಾಕ್ಯಕ್ಕಿಂತ ವ್ಯಾಕರಣದಲ್ಲಿ ಎಷ್ಟೋ ಸರಳ. ಪಠ್ಯದಿಂದ ಹೊರಗುಳಿದದ್ದು ಕಠಿಣವಾದ ಇಂಗ್ಲಿಷ್ ಅಲ್ಲ, ತೊಡಕಿನ ಸಾಧ್ಯತೆ. ತೊಡಕು ಬಂದಾಗ ತಾನೇ ದಡ್ಡನೆಂದು ಭಾವಿಸುವ ಕಲಿಯುವವನನ್ನು ಇಂತಹ ಪಠ್ಯಗಳು ತಯಾರು ಮಾಡುತ್ತವೆ.

'ಸರ್' ಎಂಬ ಪದದ ಬಗೆಗೂ ಇಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಕನ್ನಡಿಗ ಚಾಲಕರು ಇಂಗ್ಲಿಷ್ ಮಾತನಾಡುವಾಗ ವಾಕ್ಯವಾಕ್ಯಕ್ಕೂ 'ಸರ್', 'ಮೇಡಂ' ಸೇರಿಸುವುದನ್ನು ಸ್ಪೋಕನ್ ಇಂಗ್ಲಿಷ್ ತರಗತಿಗಳು ಅತಿವಿನಯವೆಂದೋ ವಸಾಹತುಶಾಹಿಯ ಪಳೆಯುಳಿಕೆಯೆಂದೋ ತಿದ್ದಲು ಹೊರಡುವುದುಂಟು. ಕನ್ನಡದ ವ್ಯಾಕರಣವನ್ನು ನೆನಪಿಟ್ಟುಕೊಂಡರೆ ಬೇರೆ ವಿವರಣೆ ಹೊಳೆಯುತ್ತದೆ. 'ಎಲ್ಲಿದ್ದೀರಿ' ಮತ್ತು 'ಎಲ್ಲಿದ್ದೀಯ' ಎಂಬಲ್ಲಿ ಗೌರವದ ಭಾರವನ್ನು ಕ್ರಿಯಾಪದದ ಪ್ರತ್ಯಯವೇ ಹೊರುತ್ತದೆ. ಸರ್ವನಾಮ ಲೋಪವಾದರೂ ಮರ್ಯಾದೆ ಲೋಪವಾಗುವುದಿಲ್ಲ. ಇಂಗ್ಲಿಷಿನ 'ವೇರ್ ಆರ್ ಯು' ಈ ಭೇದವನ್ನು ಅಳಿಸಿಹಾಕುತ್ತದೆ. ಅಪರಿಚಿತ ಹಿರಿಯರೊಬ್ಬರಿಗೆ ಹಾಗೆ ಕೇಳುವುದು ಕನ್ನಡದ ಕಿವಿಗೆ ಏಕವಚನದಂತೆಯೇ ಕೇಳಿಸುತ್ತದೆ. ಕಳೆದುಹೋದ ಬಹುವಚನವನ್ನು 'ಸರ್' ಮರಳಿ ತರುತ್ತದೆ ಎಂಬುದು ನಮ್ಮ ಪ್ರತಿಪಾದನೆ. ಹಾಗಿದ್ದಲ್ಲಿ ಅದು ಅತಿವಿನಯವಲ್ಲ, ಮಾತೃಭಾಷೆಯ ಒಂದು ಕಡ್ಡಾಯ ವರ್ಗದ ನಿರ್ವಹಣೆ. ಇದರ ಇನ್ನೊಂದು ಮಗ್ಗುಲೂ ಇದೆ. ಹಿಂಬದಿಯಿಂದ ಯಾವ ಸಂಬೋಧನೆಯೂ ಇಲ್ಲದೆ ಬರುವ 'ವೇರ್ ಆರ್ ಯು?', 'ಕಮ್ ಫಾಸ್ಟ್' ಎಂಬ ಮಾತುಗಳು, ಹೇಳಿದವರಿಗೆ ಆ ಉದ್ದೇಶವಿಲ್ಲದಿದ್ದರೂ, ಚಾಲಕನಿಗೆ ಚುಚ್ಚಬಹುದು. ಪ್ರಯಾಣಿಕನಿಗೆ 'ಪ್ಲೀಸ್' ಕಲಿಸುವ ಪಠ್ಯಗಳು ಚಾಲಕನನ್ನು ಏನೆಂದು ಕರೆಯಬೇಕೆಂಬುದನ್ನು ಕಲಿಸುವುದಿಲ್ಲ. ಮೇಲಿನ ಮಾದರಿಯಲ್ಲಿ ಮೂರು ಬಾರಿ 'ಸರ್' ಎನಿಸಿಕೊಂಡ ಪ್ರಯಾಣಿಕ ಪ್ರತಿಯಾಗಿ ಒಮ್ಮೆಯೂ ಸಂಬೋಧಿಸುವುದಿಲ್ಲ. ಬೆಂಗಳೂರಿನ ಕನ್ನಡದಲ್ಲಿ ಅದೇ ಜಾಗದಲ್ಲಿ 'ಅಣ್ಣ' ಎಂದೋ 'ಸಾರ್' ಎಂದೋ ಸಹಜವಾಗಿ ಬಂದುಬಿಡುತ್ತದೆ.

ಲೋಕಾಭಿರಾಮದ ಮಾತನ್ನು ಪಠ್ಯಗಳು ನಿರಪಾಯವೆಂದು ಭಾವಿಸುತ್ತವೆ. ಮ್ಯಾಲಿನೋವ್‌ಸ್ಕಿ 1923ರಲ್ಲಿ ಗುರುತಿಸಿದ, ಮಾಹಿತಿಗಿಂತ ಸಂಪರ್ಕವನ್ನೇ ಗುರಿಯಾಗಿಸಿಕೊಂಡ ನುಡಿ ಅದು ಎಂಬುದು ನಿಜ. ಆದರೆ 'ವೇರ್ ಆರ್ ಯು ಫ್ರಮ್?' ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಚಾಲಕ ಪ್ರವಾಸಿಯನ್ನು ಕೇಳಿದರೆ ಅದು ಆತಿಥ್ಯ. ಲಂಡನ್ನಿನಲ್ಲಿ ಪ್ರಯಾಣಿಕನು ವಲಸೆ ಬಂದ ಚಾಲಕನನ್ನು ಕೇಳಿದರೆ, ನೀನು ಇಲ್ಲಿಯವನಲ್ಲ ಎಂಬ ಪೂರ್ವಗ್ರಹೀತ ಅದರೊಳಗೆ ಅಡಗಿಕೊಳ್ಳುತ್ತದೆ. 'ಯಾವ ಊರು ನಿಮ್ದು?' ಎಂಬ ಕನ್ನಡದ ಪ್ರಶ್ನೆಯನ್ನು ಇಂಗ್ಲಿಷಿಗೆ ಯಥಾವತ್ತಾಗಿ ಒಯ್ಯುವವರಿಗೆ ಈ ವ್ಯತ್ಯಾಸವನ್ನು ಹೇಳಿಕೊಡುವ ಪಾಠ ಅಪರೂಪ. ಸುಮ್ಮನಿರುವುದೂ ಒಂದು ಸಂವಹನವೆಂದು ಕಲಿಸುವುದಂತೂ ಇಲ್ಲವೇ ಇಲ್ಲ. ಕಾರಿನೊಳಗೆ ಮಾತನಾಡುವವರು ಮುಖಾಮುಖಿಯಾಗಿರುವುದಿಲ್ಲ. ಕಪ್ಪು ಟ್ಯಾಕ್ಸಿಯಲ್ಲಾದರೆ ನಡುವೆ ಗಾಜಿನ ಗೋಡೆಯೇ ಇದೆ. ವಾಹನ ಚಲಾಯಿಸುತ್ತ ಮಾತನಾಡುವವರ ಸರದಿಗಳು ರಸ್ತೆಯ ಬೇಡಿಕೆಗೆ ತಕ್ಕಂತೆ ತಡೆದು ನಿಂತು ಮತ್ತೆ ಮುಂದುವರಿಯುವುದನ್ನು ಲೊರೆಂಜಾ ಮೊಂಡಾಡಾ ಅವರ ಅಧ್ಯಯನಗಳಲ್ಲಿ ಕಾಣಬಹುದು. ಸಿಗ್ನಲ್ಲಿನಲ್ಲಿ ಚಾಲಕ ಉತ್ತರಿಸದಿದ್ದರೆ ಅದು ಇಂಗ್ಲಿಷ್ ಬಾರದ್ದರಿಂದಲೂ ಅಲ್ಲ, ಅಸಡ್ಡೆಯಿಂದಲೂ ಅಲ್ಲ.

ಇನ್ನು ಮುಕ್ತಾಯದ ಸರದಿ. 'ಕೀಪ್ ದಿ ಚೇಂಜ್' ಎಂಬ ಉದಾರ ನುಡಿ ಹಣ ಆ್ಯಪ್‌ನಲ್ಲಿ ಸಂದಾಯವಾಗುವ ಕಡೆ ಅಪ್ರಸ್ತುತ. ಆ ಸ್ಥಾನದಲ್ಲೀಗ 'ಫೈವ್ ಸ್ಟಾರ್ ಕೊಡಿ ಸಾರ್' ಎಂಬ ಕೋರಿಕೆ ನೆಲೆಗೊಂಡಿದೆ. ಬ್ರೌನ್ ಮತ್ತು ಲೆವಿನ್ಸನ್ ಅವರ ಸೌಜನ್ಯ ಸಿದ್ಧಾಂತದ ವಿದ್ಯಾರ್ಥಿಗಳಿಗೆ ಇದೊಂದು ಸ್ವಾರಸ್ಯದ ಸಾಮಗ್ರಿ: ಇಡೀ ಪ್ರಯಾಣದುದ್ದಕ್ಕೂ ಬಳಸಿದ ಪ್ರತಿಯೊಂದು ವಿನಯದ ನುಡಿಯೂ ಈ ಕೊನೆಯ ಕೋರಿಕೆಯ ಪೀಠಿಕೆಯಾಗಿ ಹಿಮ್ಮುಖವಾಗಿ ಅರ್ಥ ಬದಲಿಸಿಕೊಳ್ಳುವ ಅಪಾಯದಲ್ಲಿರುತ್ತದೆ.

ಪರ್ಯಾಯಕ್ಕಾಗಿ ದೂರ ಹೋಗಬೇಕಾಗಿಲ್ಲ. ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆದು 'ಬೆಂಗಳೂರು ಯೋಜನೆ' ಎಂದೇ ಹೆಸರಾದ ಪ್ರಯೋಗವು ಸಿದ್ಧ ವಾಕ್ಯಗಳ ಬದಲಿಗೆ ವೇಳಾಪಟ್ಟಿ, ನಕ್ಷೆಗಳಂತಹ ಸಾಮಗ್ರಿಗಳ ಮೇಲೆ ಕೆಲಸಗಳನ್ನು ಕೊಟ್ಟು ಭಾಷೆಯನ್ನು ಕಲಿಸಲು ಯತ್ನಿಸಿತ್ತು. ಟ್ಯಾಕ್ಸಿಯ ಪಾಠಕ್ಕೆ ಇದಕ್ಕಿಂತ ಒಪ್ಪುವ ವಿಧಾನ ನಮಗೆ ಕಾಣದು. 2024ರಲ್ಲಿ ಬೆಂಗಳೂರಿನ ಆಟೋಗಳಲ್ಲಿ ಕಾಣಿಸಿಕೊಂಡ, ಪ್ರಯಾಣಿಕರಿಗೆ ಕನ್ನಡ ವಾಕ್ಯಗಳನ್ನು ಕಲಿಸುವ ಫಲಕಗಳು ಕಲಿಕೆಯ ಹೊಣೆಯನ್ನು ಹಿಂಬದಿಯ ಆಸನಕ್ಕೆ ಹೊರಿಸಿ ದಿಕ್ಕನ್ನು ತಿರುಗಿಸಿದವು. ಆ ಮಟ್ಟಿಗೆ ಅವು ಸ್ವಾಗತಾರ್ಹ. ಆದರೆ ಅವೂ ಸಿದ್ಧ ವಾಕ್ಯಗಳ ಪಟ್ಟಿಗಳೇ.

ನಾವು ಸೂಚಿಸುವ ಪಾಠದಲ್ಲಿ ವಾಕ್ಯಗಳಿರುವುದಿಲ್ಲ. ಇಬ್ಬರು ಕಲಿಯುವವರು ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಾರೆ. ಒಬ್ಬನ ಕೈಯಲ್ಲಿ ಎರಡು ಗೇಟುಗಳೂ ಒಂದು ಏಕಮುಖ ರಸ್ತೆಯೂ ಇರುವ ನಕ್ಷೆ. ಇನ್ನೊಬ್ಬನ ಕೈಯಲ್ಲಿ ಅವನು ನಿಂತ ಜಾಗದಿಂದ ಕಾಣುವ ಔಷಧಿ ಅಂಗಡಿ, ಎಟಿಎಂ ಮತ್ತು ದೇವಸ್ಥಾನದ ಗೋಪುರದ ಚಿತ್ರ. ಒಬ್ಬರು ಇನ್ನೊಬ್ಬರಿದ್ದಲ್ಲಿಗೆ ತಲುಪುವವರೆಗೆ ಮಾತನಾಡಬೇಕು. ಬಳಿಕ ನಕ್ಷೆಯನ್ನೂ ಚಿತ್ರವನ್ನೂ ಅದಲುಬದಲು ಮಾಡಿಕೊಂಡು, ಪ್ರಯಾಣಿಕನಾಗಿದ್ದವನು ಚಾಲಕನಾಗಿ ಮತ್ತೊಮ್ಮೆ ಆರಂಭಿಸಬೇಕು.