ಯಾರೂ ಬರೆಯದ ರೂಪ: ನುಡಿ–ಯೂನಿಕೋಡ್ ಪರಿವರ್ತನೆಯಲ್ಲಿ ಹಲಂತದ ಪ್ರಶ್ನೆ

ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಸಿದ್ಧವಾದ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಜಾಲಸೇವೆಗಳ ಯೋಗ್ಯತೆಯನ್ನು, ಪರಿವರ್ತಿತ ಪಠ್ಯ ಓದಲು ಬರುತ್ತದೆಯೇ ಎಂಬುದರಿಂದ ಅಳೆಯುವುದು ರೂಢಿ. ಭಾಷಾವಿಜ್ಞಾನಕ್ಕೆ ಈ ಅಳತೆ ಸಾಲದು ಎಂಬುದು ಪ್ರಸ್ತುತ ಟಿಪ್ಪಣಿಯ ವಾದ. ಅರಸೀಕೆರೆ ತಾಲ್ಲೂಕಿನ ಜಾವಗಲ್ ಎಂಬ ಊರಹೆಸರೊಂದೇ ಇದಕ್ಕೆ ನಿದರ್ಶನವಾಗಬಲ್ಲದು.

ಹಳೆಯ ಫಾಂಟುಗಳು ಅಕ್ಷರದ ಆಕಾರಗಳನ್ನು ಕಾಣುವ ಕ್ರಮದಲ್ಲಿ ದಾಖಲಿಸಿದರೆ, ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ. ಹಾಗಾಗಿ ‘ಕರ್ಣಾಟಕ’ದಲ್ಲಿ ‘ಣಾ’ ಆದಮೇಲೆ ಬರುವ ಅರ್ಕಾವತ್ತನ್ನು ಪರಿವರ್ತಕವು ಅದರ ಹಿಂದಕ್ಕೆ ಸರಿಸಬೇಕಾಗುತ್ತದೆ. ಇಲ್ಲಿ ತಪ್ಪಾದರೆ ಕಣ್ಣಿಗೆ ಹೊಡೆಯುತ್ತದೆ. ಆದ್ದರಿಂದ ತಿದ್ದುಪಡಿಯೂ ಆಗುತ್ತದೆ.

ಹಲಂತದ ತಪ್ಪು ಹಾಗಲ್ಲ. ಜಾವಗಲ್, ಹಾನಗಲ್‌ಗಳಂಥ ವ್ಯಂಜನಾಂತ ಹೆಸರುಗಳಿಗೆ ವಿಭಕ್ತಿಪ್ರತ್ಯಯ ಎರಡು ಬಗೆಯಲ್ಲಿ ಹತ್ತುತ್ತದೆ: ದ್ವಿತ್ವ ಹಾಗೂ ‘ಇನ್’ ಆಗಮದೊಡನೆ ‘ಜಾವಗಲ್ಲಿನ’, ನೇರವಾಗಿ ‘ಜಾವಗಲ್‌ನ’. ಎರಡನೆಯದರಲ್ಲಿ ಪ್ರಕೃತಿ–ಪ್ರತ್ಯಯಗಳ ಗಡಿ ಬರಹದಲ್ಲಿಯೇ ಕಾಣುತ್ತದೆ. ನುಡಿ ಕಡತದಲ್ಲಿ ಬಿಡಿ ಹಲಂತಕ್ಕೂ ಒತ್ತಕ್ಷರಕ್ಕೂ ಬೇರೆ ಬೇರೆ ಸಂಕೇತಗಳಿವೆ. ಯೂನಿಕೋಡ್‌ನಲ್ಲಿ ಎರಡಕ್ಕೂ ಹಲಂತಚಿಹ್ನೆ ಒಂದೇ. ಮುಂದಿನ ವ್ಯಂಜನ ಒತ್ತಾಗದಂತೆ ತಡೆಯಲು 200ಸಿ ಸಂಕೇತದ ಅಸಂಯೋಜಕವನ್ನು, ಅಂದರೆ ಝಡ್‌ಡಬ್ಲ್ಯೂಎನ್‌ಜೆಯನ್ನು ಸೇರಿಸಬೇಕು. ಸಂಕೇತಕ್ಕೆ ಸಂಕೇತ ಹೊಂದಿಸಿ ಮುಗಿಸುವ ಪರಿವರ್ತಕ ಇದನ್ನು ಸೇರಿಸದು. ಫಲವಾಗಿ ‘ಜಾವಗಲ್ನ’ ಹುಟ್ಟುತ್ತದೆ. ‘ಶ್ರೀನಾಥ್‌ರವರು’ ‘ಶ್ರೀನಾಥ್ರವರು’ ಆಗುತ್ತಾರೆ.

ಈ ಮೂರನೆಯ ರೂಪವನ್ನು ಮೂಲದ ಲೇಖಕರು ಬರೆದಿಲ್ಲ. ಆದರೂ ಪಠ್ಯಕೋಶ ಸೇರಿದ ಮೇಲೆ ಅದು ಬರವಣಿಗೆಯ ವೈವಿಧ್ಯವೆಂದೋ ಸಂಧಿಯ ಪ್ರವೃತ್ತಿಯೆಂದೋ ಎಣಿಕೆಯಾಗುತ್ತದೆ. ಯಂತ್ರದ ಲೋಪ ಭಾಷೆಯ ಪುರಾವೆಯ ವೇಷ ತೊಡುತ್ತದೆ.

ಅಸಂಯೋಜಕ ಕಣ್ಣಿಗೆ ಕಾಣದು, ಅದರ ಬಳಕೆಯಲ್ಲಿ ಏಕರೂಪತೆ ಇಲ್ಲ, ಹುಡುಕಾಟಕ್ಕೆ ಅದು ಅಡ್ಡಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದಕ್ಕೆ ಪರಿಹಾರ ಹುಡುಕಾಟದ ಸೂಚಿಯಲ್ಲಿದೆ: ಅಲ್ಲಿ ಅದನ್ನು ಕಡೆಗಣಿಸಬಹುದು, ಸಂಗ್ರಹಿಸಿದ ಪಠ್ಯದಿಂದ ಅಳಿಸಬೇಕಿಲ್ಲ. ಸೇವೆಯ ಸುಧಾರಣೆಗೆ ಮೂರು ಕ್ರಮಗಳು ಅಗತ್ಯ: ಬಿಡಿ ಹಲಂತದ ಮುಂದೆ ವ್ಯಂಜನ ಬಂದಾಗ ಅಸಂಯೋಜಕವನ್ನು ಸೇರಿಸುವುದು, ಪರಿವರ್ತಿತ ಪಠ್ಯವನ್ನು ಮರಳಿ ನುಡಿಗೆ ತಿರುಗಿಸಿ ಮೂಲದೊಡನೆ ಹೋಲಿಸುವುದು, ಮೂಲ ಕಡತವನ್ನು ಕಾಯ್ದಿರಿಸುವುದು. ಮೂರನೆಯದು ತಪ್ಪಿದರೆ ಮೊದಲೆರಡಕ್ಕೆ ಅವಕಾಶವೇ ಉಳಿಯದು. ‘ಜಾವಗಲ್ನ’ ಎಂಬುದು ಬರೆದವರ ಆಯ್ಕೆಯೋ ಪರಿವರ್ತಕದ ಲೋಪವೋ ಎಂದು ತೀರ್ಮಾನಿಸಲು ಆಧಾರವೂ ಇರದು.