ಮೂರರಲ್ಲಿ ಒಂದೇ ಸಾಲು ಓದಿದವರು

ಮಸ್ಕತ್ತಿನ ಅಲ್ ಅಜೈಬಾದ ಕಡಲಕಡೆಯ ಬೀದಿಗಳಲ್ಲಿ ಉಪ್ಪುಗಾಳಿ ಬೀಗ, ತಿರುಪು, ತಂತಿಯ ತುದಿ ಯಾವುದನ್ನೂ ಬಿಡುವುದಿಲ್ಲ. ಬಾಗಿಲಿನ ಕಳ್ಳಗಂಟೆಯ ಸ್ವಿಚ್ಚಿಗೆ ಮಾತ್ರ ಅದರ ಕಾಟವಿಲ್ಲ. ಬಾಗಿಲಲ್ಲಿ ಒಂದು ಅಯಸ್ಕಾಂತ, ಚೌಕಟ್ಟಿನಲ್ಲಿ ಮುಚ್ಚಿದ ಗಾಜಿನ ಕೊಳವೆ, ಅದರೊಳಗೆ ನಿಕ್ಕಲ್-ಕಬ್ಬಿಣದ ಎರಡು ತೆಳು ಪಟ್ಟಿ. 1936ರಲ್ಲಿ ಬೆಲ್ ಲ್ಯಾಬ್ಸ್‌ನ ವಾಲ್ಟರ್ ಎಲ್ವುಡ್ ರೂಪಿಸಿದ ರೀಡ್ ಸ್ವಿಚ್ ಇದು. ಕಾಂತಬಲ ಗಾಜನ್ನು ದಾಟುತ್ತದೆ, ಉಪ್ಪು ದಾಟುವುದಿಲ್ಲ. ಇದರ ಗುಣವೆಲ್ಲ ಅಷ್ಟರಲ್ಲಿದೆ.

ಇಂಥದ್ದನ್ನು ಮೈಕ್ರಾನ್ ಅಳತೆಗೆ ಇಳಿಸೋಣ ಎಂದರೆ ಸಾಕು, ‘ಅಲ್ಲಿ ಕಾಂತಬಲ ನಡೆಯದು, ಸ್ಥಿರವಿದ್ಯುತ್ತೇ ಗತಿ’ ಎಂಬ ತೀರ್ಪು ಸಿದ್ಧವಾಗಿರುತ್ತದೆ. ಗಾತ್ರ ಹತ್ತು ಪಟ್ಟು ಕುಗ್ಗಿದರೆ ಕಾಂತಬಲ ಹತ್ತು ಸಾವಿರ ಪಟ್ಟು ಕುಗ್ಗುತ್ತದೆ ಎನ್ನುವುದು ಹೀಗೆ ತೀರ್ಪು ಕೊಡುವವರ ಆಧಾರ. ಅದಕ್ಕೆ ಸಾಕ್ಷಿಯಾಗಿ ವಿಲಿಯಂ ಟ್ರಿಮ್ಮರ್ 1989ರಲ್ಲಿ ಬರೆದ ಪ್ರಬಂಧವನ್ನು ಮುಂದಿಡುತ್ತಾರೆ.

ಆ ಪ್ರಬಂಧವನ್ನೇ ಬಿಡಿಸಿ ನೋಡೋಣ. ಹತ್ತು ಸಾವಿರದ ಲೆಕ್ಕ ಅಲ್ಲಿರುವುದು ನಿಜ; ಆದರೆ ತಂತಿಯ ಪ್ರತಿ ಚದರಕ್ಕೆ ಹರಿಯುವ ವಿದ್ಯುತ್ ಬದಲಾಗದು ಎಂದು ಹಿಡಿದಾಗ ಮಾತ್ರ. ಸಣ್ಣ ತಂತಿ ಬೇಗ ತಣಿಯುತ್ತದೆ, ಹಾಗಾಗಿ ಹೆಚ್ಚು ಒತ್ತಿನ ವಿದ್ಯುತ್ತನ್ನು ತಾಳುತ್ತದೆ. ಮೈಯ ಚದರಕ್ಕಿಷ್ಟು ಶಾಖ ಎಂದು ಮಿತಿಯಿಟ್ಟರೆ ಕುಗ್ಗುವುದು ಸಾವಿರ ಪಟ್ಟು. ಬಿಸಿ ಏರುವುದಕ್ಕಷ್ಟೇ ಮಿತಿಯಿಟ್ಟರೆ ನೂರು ಪಟ್ಟು. ಕ್ಷೇತ್ರ ಬದಲಾಗದಿದ್ದರೆ ಸ್ಥಿರವಿದ್ಯುತ್ತಿನ ಬಲ ಕುಗ್ಗುವುದೂ ಅದೇ ನೂರು ಪಟ್ಟು! ಮೂರು ಸಾಲುಗಳಲ್ಲಿ ಮೊದಲನೆಯದನ್ನಷ್ಟೇ ಓದಿ ತೀರ್ಪು ಕೊಟ್ಟವರು ಪ್ರಬಂಧಕ್ಕೂ ಅನ್ಯಾಯ ಮಾಡಿದರು, ಕಾಂತಕ್ಕೂ ಮಾಡಿದರು. ಇನ್ನು ಶಾಶ್ವತ ಅಯಸ್ಕಾಂತಕ್ಕೆ ವಿದ್ಯುತ್ತೇ ಬೇಡ. ಎರಡು ಅಯಸ್ಕಾಂತಗಳ ನಡುವಿನ ಸೆಳೆತವೂ ಕುಗ್ಗುವುದು ನೂರೇ ಪಟ್ಟು.

‘ಕಿರಿದಾದ ಸಂದಿನಲ್ಲಿ ಸ್ಥಿರವಿದ್ಯುತ್ ಬಲಿಯುತ್ತದಲ್ಲ’ ಎಂದು ಅವರು ಕೇಳಬಹುದು. ಬಲಿಯುತ್ತದೆ. ಸಾಮಾನ್ಯ ಗಾಳಿ ಮೀಟರಿಗೆ 30 ಲಕ್ಷ ವೋಲ್ಟಿನ ಆಸುಪಾಸಿನಲ್ಲಿ ಕಿಡಿಕಾರುತ್ತದೆ. ಆಗ ಘನ ಮೀಟರಿನಲ್ಲಿ ನಿಲ್ಲುವ ಶಕ್ತಿ 40 ಜೂಲ್. ಮೈಕ್ರಾನ್ ಸಂದಿನಲ್ಲಿ ಮೀಟರಿಗೆ 10 ಕೋಟಿ ವೋಲ್ಟ್ ತಾಳುತ್ತದೆಂದು ಧಾರಾಳವಾಗಿ ಒಪ್ಪಿದರೂ ಸಿಗುವುದು 44 ಸಾವಿರ ಜೂಲ್. ಒಂದು ಟೆಸ್ಲಾ ಕಾಂತಕ್ಷೇತ್ರದಲ್ಲಿ ಸುಮಾರು 4 ಲಕ್ಷ ಇದೆ.

ಕಾಂತದ ದಾರಿ ಸುಲಭವೆಂದು ನಾನು ಹೇಳುತ್ತಿಲ್ಲ. ಸಿಲಿಕಾನ್ ಬಿಲ್ಲೆಯ ಮೇಲೆ ಸುರುಳಿ ಸುತ್ತುವುದು, ನಿಕ್ಕಲ್-ಕಬ್ಬಿಣದ ಲೇಪ ಕೂರಿಸುವುದು ತ್ರಾಸದ ಕೆಲಸ. ಆದರೆ ಅದು ತಯಾರಿಕೆಯ ಕಷ್ಟ, ಪ್ರಕೃತಿಯ ನಿಷೇಧವಲ್ಲ. 2001ರಲ್ಲಿ ರುವಾನ್, ಶೆನ್, ವೀಲರ್ ವರದಿ ಮಾಡಿದ ಸೂಕ್ಷ್ಮ ರಿಲೇಯನ್ನು ನೋಡಿ: ಅಯಸ್ಕಾಂತದ ಮೇಲೆ ನಿಕ್ಕಲ್-ಕಬ್ಬಿಣದ ಮಿಶ್ರಲೋಹವಾದ ಪರ್ಮಲಾಯ್‌ನ ಪುಟ್ಟ ತೊಲೆ, ಸುರುಳಿಗೆ ಒಂದು ಕ್ಷಣದ ವಿದ್ಯುತ್ ತುಡಿತ ಕೊಟ್ಟರೆ ತೊಲೆ ವಾಲಿ ಅಲ್ಲೇ ನಿಲ್ಲುತ್ತದೆ. ನಿಲ್ಲಿಸಿಡಲು ವಿದ್ಯುತ್ ಬೇಡ. ಸ್ಥಿರವಿದ್ಯುತ್ತಿನ ಸ್ವಿಚ್ಚಿಗೋ ಹತ್ತಾರು ವೋಲ್ಟ್ ಬೇಕು. ನಿರೋಧಕ ಪದರದಲ್ಲಿ ಆವೇಶ ಸಿಕ್ಕಿಕೊಂಡರೆ ಅದು ಅಂಟಿಕೊಂಡೇ ಉಳಿಯುವುದೂ ಉಂಟು.

ನಮ್ಮ ಎಂಜಿನಿಯರಿಂಗ್ ತರಗತಿಗಳಲ್ಲಿ ಆ ಮೂರೂ ಸಾಲುಗಳನ್ನು ಕಪ್ಪುಹಲಗೆಯ ಮೇಲೆ ಬರೆಯಲಿ. ಯಾವ ಮಿತಿಗೆ ಯಾವ ಫಲ ಎಂದು ವಿದ್ಯಾರ್ಥಿ ತಾನೇ ಲೆಕ್ಕ ಹಾಕಲಿ. ಕಾಂತವನ್ನು ಕೈಬಿಡುವುದೋ ಹಿಡಿಯುವುದೋ ಆಮೇಲಿನ ಮಾತು.