ದಿಂಬಂ ದಾಟಿ ಟ್ರ್ಯಾಕ್‌ಗೆ ಹೋಗುವ ಕಾರು

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಕಾರುಪ್ರಿಯರ ಕೈಗೆಟುಕುವ ಟ್ರ್ಯಾಕ್ ಎಂದರೆ ಕೊಯಮತ್ತೂರಿನ ಚೆಟ್ಟಿಪಾಳಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ. ಒಂದು ಸುತ್ತಿಗೆ 2.1 ಕಿ.ಮೀ. ಕಾರನ್ನು ಲಾರಿಗೆ ಹೇರಿ ಒಯ್ಯುವ ಸಿರಿವಂತಿಕೆ ಎಷ್ಟು ಜನಕ್ಕಿದೆ? ಓಡಿಸಿಕೊಂಡೇ ಹೋಗಬೇಕು, ಅದರಲ್ಲೇ ಮನೆಗೆ ಬರಬೇಕು. ನಡುವೆ ಪುಣಜನೂರು, ಹಾಸನೂರು, ಆಮೇಲೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು. ಸಸ್ಪೆನ್ಷನ್ ಆರಿಸುವಾಗ ಈ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎಲ್ಲರ ಕಣ್ಣು ಮೊದಲು ಬೀಳುವುದು ಕಾರನ್ನು ತಗ್ಗಿಸುವ ಗಿಡ್ಡ ಸ್ಪ್ರಿಂಗ್ ಮೇಲೆ. ಅಗ್ಗ, ನೋಟಕ್ಕೂ ಚೆಂದ. ಆದರೆ ನಮ್ಮಲ್ಲಿ ಓಡುವ ಹೆಚ್ಚಿನ ಕಾರುಗಳ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಂಥ ಕಾರನ್ನು ಅತಿಯಾಗಿ ತಗ್ಗಿಸಿದರೆ ಕೆಳಗಿನ ಆರ್ಮ್‌ನ ಓರೆ ಬದಲಾಗಿ, ಭಾರಕೇಂದ್ರ ಇಳಿದದ್ದಕ್ಕಿಂತ ಹೆಚ್ಚು ರೋಲ್ ಸೆಂಟರ್, ಅಂದರೆ ಕಾರು ವಾಲುವ ಬಿಂದು, ಇಳಿಯುತ್ತದೆ. ತಿರುವಿನಲ್ಲಿ ವಾಲುವ ಒತ್ತಡ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಸಾಲದ್ದಕ್ಕೆ, ಶಾಕ್ ಅಬ್ಸಾರ್ಬರ್‌ಗೆ ಮೇಲೆ ಕೆಳಗೆ ಆಡಲು ಜಾಗವೇ ಉಳಿಯದೆ, ಊಟಿ ದಾರಿಯ ಬಂಡೀಪುರದ ಹಂಪ್‌ಗಳಲ್ಲಿ ಬಂಪ್ ಸ್ಟಾಪ್ ಬಡಿಯುತ್ತದೆ. ಇದಕ್ಕೆ ದುಡ್ಡು ಸುರಿಯುವುದು ದಂಡ.

ಕಾಯ್ಲ್‌ಓವರ್ ಬೇರೆ ಜಾತಿ. ಎತ್ತರ ಹೊಂದಿಸಬಹುದು, ಒಳ್ಳೆಯದಾದರೆ ಡ್ಯಾಂಪಿಂಗ್ ಕೂಡ. ಒಂದೇ ತಿರುಪಿರುವ ಸೆಟ್‌ಗಳಲ್ಲಿ ಅದು ಬಹುಮಟ್ಟಿಗೆ ಬದಲಿಸುವುದು ರಿಬೌಂಡ್ ಅನ್ನು, ಅಂದರೆ ಒತ್ತಿದ ಸ್ಪ್ರಿಂಗ್ ಮತ್ತೆ ನೀಳವಾಗುವ ವೇಗವನ್ನು. ಟ್ರ್ಯಾಕ್‌ಗೆಂದು ಅದನ್ನು ಬಿಗಿ ಮಾಡಿ ಹಾಗೇ ಬಿಟ್ಟರೆ, ಸಾಲು ಉಬ್ಬುಗಳ ಮೇಲೆ ಸ್ಪ್ರಿಂಗ್ ಚೇತರಿಸಿಕೊಳ್ಳುವ ಮೊದಲೇ ಮುಂದಿನ ಉಬ್ಬು ಬಂದು ಕಾರು ಹಂತಹಂತವಾಗಿ ಕುಸಿದು ಕೂರುತ್ತದೆ. ಘಾಟಿ ಹತ್ತುವ ಮುನ್ನ ತಿರುಪನ್ನು ಸಡಿಲಿಸಿ. ಎಷ್ಟು ಕ್ಲಿಕ್ ಎಂಬುದನ್ನು ಬರೆದಿಟ್ಟುಕೊಳ್ಳಿ.

ನನ್ನ ಮತ ಆ್ಯಂಟಿ-ರೋಲ್ ಬಾರ್‌ಗೆ. ಮುಂಚಕ್ರ ಚಾಲನೆಯ ಕಾರಿಗೆ ಹಿಂದೆ ಕೊಂಚ ದಪ್ಪದ ಬಾರ್ ಹಾಕಿದರೆ, ತಿರುವಿನಲ್ಲಿ ಮೂತಿ ಹೊರಗೆ ಜಾರುವ ಚಾಳಿ ಇಳಿಯುತ್ತದೆ. ಎರಡೂ ಚಕ್ರ ಒಟ್ಟಿಗೆ ಏರುವ ಹಂಪ್‌ನಲ್ಲಿ ಅದು ಅಡ್ಡಬರುವುದಿಲ್ಲ. ಒಂದೇ ಚಕ್ರ ಗುಂಡಿಗೆ ಬಿದ್ದಾಗ ಮಾತ್ರ ಇನ್ನೊಂದನ್ನೂ ಅಲುಗಿಸುತ್ತದೆ, ಅಷ್ಟು ಸಹಿಸಬೇಕು.

ಇದಕ್ಕೂ ಮೊದಲು ಟೈರ್, ಬ್ರೇಕ್ ಪ್ಯಾಡ್, ಹೊಸ ಬ್ರೇಕ್ ಆಯಿಲ್, ಅಲೈನ್‌ಮೆಂಟ್ ಮುಗಿಸಿ. ಊಟಿ ಮೇಲಿಂದ ಮರಳುವವರು ನೆನಪಿಡಿ: ಬಂಡೀಪುರದ ರಸ್ತೆ ರಾತ್ರಿ 9ಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೆ.